ಬಾರ್ಬಡೋಸ್‌ನಲ್ಲಿ ಮನೆ ಕೊಳ್ಳುವ ಮುನ್ನ: ನೋಡಲು ಹೋಗುವುದರಿಂದ ಕ್ರಯಪತ್ರದವರೆಗೆ

2024ರ ಜೂನ್ 29ರಂದು ಬ್ರಿಡ್ಜ್‌ಟೌನ್‌ನ ಕೆನ್ಸಿಂಗ್‌ಟನ್ ಓವಲ್ ಮೈದಾನದಲ್ಲಿ ಭಾರತ ಟಿ20 ವಿಶ್ವಕಪ್ ಗೆದ್ದಾಗ ಬಾರ್ಬಡೋಸ್ ಎಂಬ ಹೆಸರು ನಮ್ಮ ಮನೆಮನೆಗಳಲ್ಲಿ ಕೇಳಿಬಂತು. ಬೆಂಗಳೂರಿನವರೇ ಆದ ರಾಹುಲ್ ದ್ರಾವಿಡ್ ತರಬೇತುದಾರರಾಗಿದ್ದ ಆ ತಂಡ ಗೆದ್ದ ಖುಷಿಯಲ್ಲಿ ಕೂಡಲೇ ಊರಿಗೆ ಮರಳಲಾಗಲಿಲ್ಲ. ಬೆರಿಲ್ ಚಂಡಮಾರುತ ದ್ವೀಪದತ್ತ ಬರುತ್ತಿದ್ದುದರಿಂದ ವಿಮಾನ ನಿಲ್ದಾಣ ಮುಚ್ಚಿತು, ಆಟಗಾರರು ಹೋಟೆಲಿನಲ್ಲೇ ಉಳಿದರು, ವಿಶೇಷ ವಿಮಾನವೊಂದು ಅವರನ್ನು ದೆಹಲಿಗೆ ತಲುಪಿಸುವಾಗ ಜುಲೈ 4 ಆಗಿತ್ತು. ಚಂಡಮಾರುತದ ಕಣ್ಣು ದ್ವೀಪದ ದಕ್ಷಿಣಕ್ಕೆ ಸಮುದ್ರದಲ್ಲೇ ಹಾದುಹೋಯಿತು. ಆದರೂ ಅಲೆಗಳ ಹೊಡೆತಕ್ಕೆ ಬ್ರಿಡ್ಜ್‌ಟೌನ್ ಬಂದರಿನಲ್ಲಿದ್ದ ಮೀನುಗಾರರ ದೋಣಿಗಳು ದೊಡ್ಡ ಸಂಖ್ಯೆಯಲ್ಲಿ ಒಡೆದು ಮುಳುಗಿದವು.

ಆ ದ್ವೀಪಕ್ಕೆ ಪ್ರವಾಸ ಹೋಗುವ ಮತ್ತು ಅಲ್ಲಿ ಒಂದು ಮನೆಯನ್ನೋ ಫ್ಲ್ಯಾಟನ್ನೋ ಕೊಳ್ಳುವ ಯೋಚನೆ ಇರುವ ಕನ್ನಡಿಗರಿಗಾಗಿ ಈ ಲೇಖನ. ನಮ್ಮ ಭಾವ ಮತ್ತು ಅಕ್ಕ ಮೈಸೂರಿನವರು. ಅವರ ಮಗಳು ಟೊರೊಂಟೊದಲ್ಲಿದ್ದಾಳೆ. ಚಳಿಗಾಲದಲ್ಲಿ ಎಲ್ಲರೂ ಸೇರಲು ಒಂದು ಬೆಚ್ಚನೆಯ ಜಾಗ ಬೇಕೆಂದು ಅವರು ಬಾರ್ಬಡೋಸ್‌ನಲ್ಲಿ ಫ್ಲ್ಯಾಟ್ ಹುಡುಕಿದಾಗ ಕಾಗದಪತ್ರದ ಕೆಲಸದಲ್ಲಿ ನಾನೂ ಜೊತೆಗಿದ್ದೆ. ಆ ಓಡಾಟದಲ್ಲಿ ನನಗೆ ಮನದಟ್ಟಾದದ್ದು ಇಷ್ಟು: ಅಲ್ಲಿ ಮನೆ ಕೊಳ್ಳುವುದು ಕಷ್ಟವಲ್ಲ, ಕೊಟ್ಟ ಹಣವನ್ನು ಮುಂದೊಂದು ದಿನ ಮರಳಿ ತರುವುದು ಕಷ್ಟವಾಗಬಹುದು. ಆದ್ದರಿಂದ ಮಾರುವ ದಿನಕ್ಕೆ ಬೇಕಾದ ಕಾಗದಗಳನ್ನು ಕೊಳ್ಳುವ ದಿನವೇ ಸಿದ್ಧಪಡಿಸಿಕೊಳ್ಳಬೇಕು. ಕೆಳಗೆ ಬರೆದಿರುವ ಹೆಜ್ಜೆಗಳೆಲ್ಲ ಈ ಮಾತನ್ನು ಆಧರಿಸಿದವು.

ದ್ವೀಪದ ಸ್ಥೂಲ ಪರಿಚಯ

ಬಾರ್ಬಡೋಸ್ ಕೆರಿಬಿಯನ್ ದ್ವೀಪಮಾಲೆಯ ತೀರ ಪೂರ್ವಕ್ಕಿರುವ ದ್ವೀಪ. ಉದ್ದ ಸುಮಾರು 34 ಕಿಲೋಮೀಟರ್, ಅಗಲ ಹೆಚ್ಚೆಂದರೆ 23 ಕಿಲೋಮೀಟರ್. 1966ರ ನವೆಂಬರ್ 30ರಂದು ಬ್ರಿಟನ್ನಿನಿಂದ ಸ್ವತಂತ್ರವಾದ ದೇಶವು 2021ರ ಅದೇ ದಿನ ಗಣರಾಜ್ಯವಾಯಿತು. ಇಂಗ್ಲಿಷ್ ಆಡಳಿತ ಭಾಷೆ, ವಾಹನಗಳು ರಸ್ತೆಯ ಎಡಬದಿಯಲ್ಲೇ ಓಡುತ್ತವೆ, ಆಸ್ತಿ ಕಾನೂನಿನ ಬೇರು ಇಂಗ್ಲಿಷ್ ಕಾನೂನಿನಲ್ಲಿದೆ. ಹೀಗಾಗಿ ಕರಾರುಪತ್ರವನ್ನು ಓದುವಾಗ ನಮ್ಮ ಕಡೆಯ ವಕೀಲರಿಗೂ ಅದರ ಭಾಷೆ ತೀರ ಅಪರಿಚಿತವೆನಿಸುವುದಿಲ್ಲ. ಅಲ್ಲಿನ ಡಾಲರ್ 1975ರಿಂದಲೂ ಎರಡಕ್ಕೆ ಒಂದರಂತೆ ಅಮೆರಿಕನ್ ಡಾಲರಿಗೆ ಕಟ್ಟಿಕೊಂಡಿದೆ. ಜಾಹೀರಾತಿನಲ್ಲಿ ಬೆಲೆ ಕಂಡಾಗ ಅದು ಯಾವ ಡಾಲರ್ ಎಂದು ಮೊದಲು ಕೇಳಬೇಕು, ಏಕೆಂದರೆ ಎರಡೂ ಬಗೆಯಲ್ಲಿ ಬರೆಯುವ ರೂಢಿ ಅಲ್ಲಿದೆ ಮತ್ತು ವ್ಯತ್ಯಾಸ ಒಂದಕ್ಕೆ ಎರಡರಷ್ಟು.

ದೇಶವನ್ನು ಪ್ಯಾರಿಷ್ ಎಂಬ 11 ವಿಭಾಗಗಳಾಗಿ ಹಂಚಿದ್ದಾರೆ. ಮನೆ ಹುಡುಕುವವರು ಈ ಹೆಸರುಗಳನ್ನು ನಮ್ಮ ಹೋಬಳಿಗಳಂತೆ ಬಾಯಿಪಾಠ ಮಾಡಿಕೊಂಡರೆ ಒಳ್ಳೆಯದು. ಪಶ್ಚಿಮದ ಸೇಂಟ್ ಜೇಮ್ಸ್ ಪ್ಯಾರಿಷ್‌ನ ಹೋಲ್‌ಟೌನ್ ಸುತ್ತಮುತ್ತ ಕಡಲು ಶಾಂತ, ಬೆಲೆ ಅತಿ ದುಬಾರಿ. ದಕ್ಷಿಣದ ಕ್ರೈಸ್ಟ್ ಚರ್ಚ್ ಪ್ಯಾರಿಷ್‌ನಲ್ಲಿ ಹೇಸ್ಟಿಂಗ್ಸ್, ವರ್ದಿಂಗ್, ಆಯ್ಸ್ಟಿನ್ಸ್ ಇವೆ. ಅಂಗಡಿ, ಬಸ್ಸು, ವಿಮಾನ ನಿಲ್ದಾಣ ಹತ್ತಿರ, ಮಧ್ಯಮ ವರ್ಗದವರಿಗೆ ಎಟುಕುವ ಫ್ಲ್ಯಾಟ್‌ಗಳು ಹೆಚ್ಚಾಗಿ ಸಿಗುವುದು ಇಲ್ಲೇ. ಪೂರ್ವದ ಬ್ಯಾತ್‌ಶೀಬಾ ಕಡೆ ಅಟ್ಲಾಂಟಿಕ್ ಸಾಗರ ಅಬ್ಬರಿಸುತ್ತದೆ. ನೋಡಲು ಬಹಳ ಸುಂದರ, ಆದರೆ ಸೆಳೆತ ಬಲವಾಗಿರುವುದರಿಂದ ಈಜಲು ಅಪಾಯ.

ಮೊದಲ ಹೆಜ್ಜೆ: ಹೋಗುವ ದಾರಿ

ಭಾರತೀಯ ಪಾಸ್‌ಪೋರ್ಟ್ ಇದ್ದವರಿಗೆ ಪ್ರವಾಸಕ್ಕಾಗಿ 90 ದಿನಗಳವರೆಗೆ ಬಾರ್ಬಡೋಸ್‌ಗೆ ವೀಸಾ ಬೇಕಿಲ್ಲ. ಈ ಸುದ್ದಿ ಕೇಳಿ ಟಿಕೆಟ್ ಕಾಯ್ದಿರಿಸುವವರು ಮರೆಯುವುದು ನಡುದಾರಿಯ ವೀಸಾವನ್ನು. ಬೆಂಗಳೂರಿನಿಂದ ನೇರ ವಿಮಾನವಿಲ್ಲ; ಲಂಡನ್ ಮೂಲಕ, ಇಲ್ಲವೇ ಅಮೆರಿಕ, ಕೆನಡಾಗಳ ಮೂಲಕ ಹೋಗಬೇಕು. ಅಮೆರಿಕದಲ್ಲಿ ವಿಮಾನ ಬದಲಿಸುವುದಕ್ಕೂ ವೀಸಾ ಬೇಕೇ ಬೇಕು. ಲಂಡನ್ನಿನಲ್ಲಿ ಒಂದೇ ನಿಲ್ದಾಣದೊಳಗೆ ಬದಲಾಯಿಸುವವರ ನಿಯಮ ಬೇರೆ, ಹೀತ್ರೂದಲ್ಲಿ ಇಳಿದು ಗ್ಯಾಟ್‌ವಿಕ್‌ಗೆ ಹೋಗಬೇಕಾದವರ ನಿಯಮ ಬೇರೆ. ಎರಡನೆಯದರಲ್ಲಿ ವಲಸೆ ಗಡಿ ದಾಟಿ ಹೊರಬರಬೇಕಾಗುವುದರಿಂದ ಅದಕ್ಕೆ ತಕ್ಕ ವೀಸಾ ಕೈಯಲ್ಲಿರಬೇಕು. ಟಿಕೆಟ್‌ನಲ್ಲಿ ಬರೆದಿರುವ ನಿಲ್ದಾಣದ ಹೆಸರನ್ನು ಕಣ್ಣಾರೆ ಓದದೆ ಹಣ ಕಟ್ಟಬೇಡಿ. ಹೊರಡುವ ಮುನ್ನ ಬಾರ್ಬಡೋಸ್ ಸರ್ಕಾರದ ಆನ್‌ಲೈನ್ ಪ್ರವೇಶ ಅರ್ಜಿಯನ್ನು ತುಂಬಬೇಕು. ವಾಪಸು ಟಿಕೆಟ್ ಮತ್ತು ಉಳಿಯುವ ಜಾಗದ ವಿಳಾಸವನ್ನು ಅಲ್ಲಿನ ಅಧಿಕಾರಿಗಳು ಕೇಳುತ್ತಾರೆ.

ಪಕ್ಕದ ಟ್ರಿನಿಡಾಡ್ ಅಥವಾ ಗಯಾನಾವನ್ನೂ ನೋಡಿಕೊಂಡು ಬರುವ ಆಸೆ ಇದ್ದರೆ ಹಳದಿ ಜ್ವರದ ಲಸಿಕೆಯನ್ನು ಊರಲ್ಲೇ ಹಾಕಿಸಿಕೊಂಡು ಪ್ರಮಾಣಪತ್ರ ಇಟ್ಟುಕೊಳ್ಳಿ. ಲಸಿಕೆ ಹಾಕಿಸಿ ಹತ್ತು ದಿನ ಕಳೆದ ಮೇಲಷ್ಟೇ ಅದು ಊರ್ಜಿತವಾಗುತ್ತದೆ. ಅದಿಲ್ಲದೆ ಅಂಥ ದೇಶಗಳಿಂದ ಭಾರತಕ್ಕೆ ಮರಳಿದವರನ್ನು ಪ್ರತ್ಯೇಕವಾಗಿ ಇರಿಸಿ ನಿಗಾದಲ್ಲಿಡುವ ನಿಯಮವಿದೆ.

ಸಾಮಾನು ಕಟ್ಟುವಾಗ ಎರಡು ಸಂಗತಿಗಳು ನೆನಪಿರಲಿ. ಸೈನಿಕರ ಸಮವಸ್ತ್ರದಂಥ ಹಸಿರು-ಕಂದು ಚುಕ್ಕೆಯ ಬಟ್ಟೆಯನ್ನು ಅಲ್ಲಿ ಸಾರ್ವಜನಿಕರು ತೊಡುವುದು ಅಪರಾಧ, ಮಕ್ಕಳ ಟೋಪಿಗೂ ಇದು ಅನ್ವಯಿಸುತ್ತದೆ. ವಿದ್ಯುತ್ 115 ವೋಲ್ಟ್, ಪ್ಲಗ್ಗು ಅಮೆರಿಕದ ಬಗೆಯದು. ನಮ್ಮ ಮಿಕ್ಸಿ, ಕುಕ್ಕರ್‌ಗಳನ್ನು ಹೊತ್ತೊಯ್ದು ಉಪಯೋಗವಿಲ್ಲ.

ಎರಡನೆಯ ಹೆಜ್ಜೆ: ಮಳೆಗಾಲದಲ್ಲಿ ಒಂದು ತಿಂಗಳು ಬಾಡಿಗೆಗೆ ಇರುವುದು

ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಒಣಹವೆ, ತಂಗಾಳಿ, ಪ್ರವಾಸಿಗರ ಜಾತ್ರೆ. ಆ ದಿನಗಳಲ್ಲಿ ಯಾವ ಮನೆ ನೋಡಿದರೂ ಚೆಂದವೇ. ಕೊಳ್ಳುವ ಮನಸ್ಸಿರುವವರು ಹೋಗಬೇಕಾದದ್ದು ಚಂಡಮಾರುತದ ಕಾಲವಾದ ಜೂನ್ 1ರಿಂದ ನವೆಂಬರ್ 30ರ ನಡುವೆ. ದ್ವೀಪವು ಪೂರ್ವಕ್ಕಿರುವುದರಿಂದ ಬಹುತೇಕ ಚಂಡಮಾರುತಗಳು ಉತ್ತರಕ್ಕೋ ದಕ್ಷಿಣಕ್ಕೋ ಸರಿದು ಹೋಗುತ್ತವೆ ಎಂಬುದು ನಿಜ. ಆದರೆ 1955ರ ಜಾನೆಟ್ ಮತ್ತು 2021ರ ಎಲ್ಸಾ ಚಂಡಮಾರುತಗಳು ಚಾವಣಿಗಳನ್ನು ಹಾರಿಸಿದ್ದೂ ಅಷ್ಟೇ ನಿಜ. ಮಳೆಯಲ್ಲಿ ನಿಂತು ನೋಡಿದಾಗ ಗೋಡೆಯ ತೇವ, ರಸ್ತೆಯ ಮೇಲೆ ನೀರು ನಿಲ್ಲುವ ಜಾಗ, ಕಿಟಕಿ ಬಾಗಿಲುಗಳಿಗೆ ಗಾಳಿತಡೆಯ ಹಲಗೆಗಳಿವೆಯೇ ಎಂಬುದೆಲ್ಲ ತಾನಾಗಿಯೇ ತಿಳಿಯುತ್ತದೆ. ಬಾಡಿಗೆಯೂ ಆಗ ಕಡಿಮೆ.

ಆ ಒಂದು ತಿಂಗಳಲ್ಲಿ ಹೋಟೆಲಿನಲ್ಲಿ ಇರಬೇಡಿ, ನೀವು ಕೊಳ್ಳಬೇಕೆಂದಿರುವ ಪ್ಯಾರಿಷ್‌ನಲ್ಲೇ ಅಡುಗೆಮನೆಯಿರುವ ಮನೆ ಹಿಡಿಯಿರಿ. ಆಹಾರದ ಬಹುಪಾಲು ಆಮದಿನದಾದ್ದರಿಂದ ದಿನಸಿ ಬೆಲೆ ಕೇಳಿ ಎದೆ ಝಲ್ಲೆನ್ನುತ್ತದೆ, ತಿಂಗಳ ಖರ್ಚಿನ ನಿಜವಾದ ಲೆಕ್ಕ ಸಿಗುವುದೂ ಆಗಲೇ. ಸಸ್ಯಾಹಾರಿಗಳು ಹೆದರಬೇಕಿಲ್ಲ. ನಮ್ಮ ದಕ್ಷಿಣ ಕನ್ನಡದ ಜೀಗುಜ್ಜೆ ಅಲ್ಲಿ ಊರ ತುಂಬ ಬೆಳೆಯುತ್ತದೆ, ಬೆಂಡೆ, ಕುಂಬಳ, ಗೆಣಸು, ಮಾವು, ಹುಣಿಸೆ ಎಲ್ಲವೂ ಇವೆ. ಅಕ್ಕ ಮೊದಲ ವಾರದಲ್ಲೇ ಜೀಗುಜ್ಜೆ ಪಲ್ಯ, ಪೋಡಿ ಮಾಡಿ ಪಕ್ಕದ ಮನೆಗೂ ಕೊಟ್ಟಳು. ಗುಜರಾತಿನಿಂದ ಮತ್ತು ಬಂಗಾಳದಿಂದ ತಲೆಮಾರುಗಳ ಹಿಂದೆಯೇ ಬಂದು ನೆಲೆಸಿದ ವ್ಯಾಪಾರಿ ಕುಟುಂಬಗಳೂ ಸಿಂಧಿ ವರ್ತಕರೂ ಇರುವುದರಿಂದ ಬ್ರಿಡ್ಜ್‌ಟೌನ್‌ನಲ್ಲಿ ಬೇಳೆ, ಮಸಾಲೆಗಳಿಗೆ ಕೊರತೆಯಿಲ್ಲ.

ಓಡಾಟಕ್ಕೆ ಸರ್ಕಾರದ ನೀಲಿ ಬಸ್ಸು, ಖಾಸಗಿಯವರ ಹಳದಿ ಮಿನಿ ಬಸ್ಸು, ಕೆಂಗಂದು ಪಟ್ಟೆಯ ಬಿಳಿ ವ್ಯಾನು ಇವೆ. ಬಾಡಿಗೆ ಕಾರು ಬೇಕಾದರೆ ನಮ್ಮ ಪರವಾನಗಿ ತೋರಿಸಿ ಸ್ವಲ್ಪ ಶುಲ್ಕ ಕಟ್ಟಿ ಪ್ರವಾಸಿ ಚಾಲನಾ ಪತ್ರ ಪಡೆಯಬೇಕು. ಕೊಳ್ಳಬೇಕೆಂದಿರುವ ಮನೆಯಿಂದ ಆಸ್ಪತ್ರೆಗೆ, ಅಂಗಡಿಗೆ ಒಮ್ಮೆಯಾದರೂ ಬಸ್ಸಿನಲ್ಲಿ ಹೋಗಿ ಬನ್ನಿ. ವಯಸ್ಸಾದ ಮೇಲೆ ಕಾರು ಓಡಿಸಲಾಗದ ದಿನ ಆ ಮನೆ ನಿಮಗೆ ಒಗ್ಗುವುದೇ ಎಂಬುದು ಆ ಪ್ರಯಾಣದಲ್ಲಿ ತಿಳಿಯುತ್ತದೆ.

ಕಡಲತೀರದಲ್ಲಿ ಮ್ಯಾಂಚಿನೀಲ್ ಎಂಬ ಮರವನ್ನು ಗುರುತಿಸಲು ಮೊದಲ ದಿನವೇ ಕಲಿಯಬೇಕು. ಹೊಳೆಯುವ ಎಲೆ, ಪುಟ್ಟ ಹಸಿರು ಸೇಬಿನಂಥ ಕಾಯಿ, ನೆರಳೂ ದಟ್ಟ. ಆದರೆ ಅದರ ಹಾಲು ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ, ಕಾಯಿ ವಿಷ, ಮಳೆ ಬಂದಾಗ ಅದರಡಿ ನಿಂತವರ ಮೇಲೆ ಎಲೆಯಿಂದ ತೊಟ್ಟಿಕ್ಕುವ ನೀರೂ ಸುಡುತ್ತದೆ. ಅಂಥ ಹಲವು ಮರಗಳ ಕಾಂಡಕ್ಕೆ ಕೆಂಪು ಬಣ್ಣದ ಪಟ್ಟೆ ಬಳಿದಿರುತ್ತಾರೆ. ಕೆಂಪು ಪಟ್ಟೆ ಕಂಡ ಮರದ ಕೆಳಗೆ ಮಕ್ಕಳನ್ನು ಕೂರಿಸಬೇಡಿ.

ಮೂರನೆಯ ಹೆಜ್ಜೆ: ನೆಲವನ್ನು ಓದುವುದು

ಮನೆಗಿಂತ ಮೊದಲು ಮನೆ ನಿಂತಿರುವ ನೆಲವನ್ನು ನೋಡಬೇಕು. ಬಾರ್ಬಡೋಸ್‌ನ ಬಹುಭಾಗದ ಮೇಲೆ ಹವಳದ ಸುಣ್ಣಕಲ್ಲಿನ ಹೊದಿಕೆಯಿದೆ. ಮಳೆನೀರು ಅದರಲ್ಲಿ ಸೋಸಿ ಇಳಿದು ಅಂತರ್ಜಲವಾಗುತ್ತದೆ, ಕುಡಿಯುವ ನೀರಿನ ಮುಖ್ಯ ಮೂಲ ಅದೇ. ಆ ನೀರನ್ನು ಕಾಪಾಡುವ ಸಲುವಾಗಿ ದ್ವೀಪವನ್ನು ವಲಯಗಳಾಗಿ ಗುರುತಿಸಿ, ಕೆಲವು ವಲಯಗಳಲ್ಲಿ ಹೊಸ ಮನೆ ಕಟ್ಟುವುದಕ್ಕೂ ಶೌಚಗುಂಡಿ ತೋಡುವುದಕ್ಕೂ ಕಟ್ಟುನಿಟ್ಟಾದ ಮಿತಿ ಹಾಕಿದ್ದಾರೆ. ಖಾಲಿ ನಿವೇಶನ ಕೊಳ್ಳುವವರು ಅದು ಯಾವ ವಲಯದಲ್ಲಿದೆ ಎಂದು ಯೋಜನಾ ಇಲಾಖೆಯಲ್ಲಿ ಲಿಖಿತವಾಗಿ ಕೇಳಬೇಕು.

ಸುಣ್ಣಕಲ್ಲಿನ ಹೊದಿಕೆ ಇಲ್ಲದ ಭಾಗವೊಂದಿದೆ. ಈಶಾನ್ಯದ ಸೇಂಟ್ ಆಂಡ್ರ್ಯೂ ಪ್ಯಾರಿಷ್ ಮತ್ತು ಸೇಂಟ್ ಜೋಸೆಫ್‌ನ ಬಹುಪಾಲು ಸೇರಿರುವ ಆ ಗುಡ್ಡಗಾಡನ್ನು ಸ್ಕಾಟ್ಲೆಂಡ್ ಡಿಸ್ಟ್ರಿಕ್ಟ್ ಎನ್ನುತ್ತಾರೆ. ಅಲ್ಲಿ ಜೇಡಿ ಮತ್ತು ಮರಳುಗಲ್ಲಿನ ಸಡಿಲ ನೆಲ; ಜೋರು ಮಳೆಗೆ ಗುಡ್ಡ ನಿಧಾನವಾಗಿ ಜಾರುತ್ತದೆ. ಕೊಡಗಿನ 2018ರ ಮಳೆಗಾಲವನ್ನು ಕಂಡ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನೋಟದ ದೃಷ್ಟಿಯಿಂದ ದ್ವೀಪದಲ್ಲೇ ಚೆಲುವಾದ ಜಾಗ ಅದು, ಬೆಲೆಯೂ ಕರಾವಳಿಗಿಂತ ಕಡಿಮೆ, ಹಾಗಾಗಿ ಭಾವ ಮೊದಲು ಮರುಳಾದದ್ದು ಅಲ್ಲಿನ ಮನೆಯೊಂದಕ್ಕೇ. ಮನೆಯ ಹಿಂಗೋಡೆಯಲ್ಲಿ ನೆಲದಿಂದ ಕಿಟಕಿಯ ಮೂಲೆಯವರೆಗೆ ಓರೆಯಾಗಿ ಒಂದು ಬಿರುಕಿತ್ತು. ಹತ್ತಿರ ಹೋಗಿ ನೋಡಿದರೆ ಬಿರುಕಿನ ಪಕ್ಕದಲ್ಲಿ ಪೆನ್ಸಿಲಿನಿಂದ ಎಳೆದ ಪುಟ್ಟ ಗೆರೆಗಳು, ಪ್ರತಿ ಗೆರೆಯ ಎದುರು ಒಂದು ತಾರೀಖು. ಮನೆಯೊಡತಿ, ಎಪ್ಪತ್ತು ದಾಟಿದ ಹಿರಿಯರು, ಪ್ರತಿ ಮಳೆಗಾಲ ಮುಗಿದಾಗ ಬಿರುಕು ಎಲ್ಲಿಯವರೆಗೆ ಬಂದಿದೆ ಎಂದು ಗುರುತು ಹಾಕುತ್ತಿದ್ದರಂತೆ. ತೋರಿಸಲು ಬಂದಿದ್ದ ದಲ್ಲಾಳಿ ಆ ಗೋಡೆಯ ಮಾತನ್ನೇ ಎತ್ತಿರಲಿಲ್ಲ. ಆಕೆ ಮಾತ್ರ ನಾವು ಕೇಳಿದ ಕೂಡಲೇ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ಆ ಪೆನ್ಸಿಲ್ ಗೆರೆಗಳನ್ನು ಕಂಡ ಮೇಲೆ ನಾವು ಯಾವ ಮನೆಯನ್ನೂ ಕಟ್ಟಡ ಎಂಜಿನಿಯರ್ ಪರೀಕ್ಷಿಸದೆ ಮುಂದುವರಿಯಬಾರದು ಎಂದು ನಿರ್ಧರಿಸಿದೆವು. ಎಂಜಿನಿಯರನ್ನು ನೀವೇ ಹುಡುಕಿ, ಶುಲ್ಕವನ್ನೂ ನೀವೇ ಕೊಡಿ. ಮಾರುವವರ ಕಡೆಯ ವರದಿಯನ್ನು ನೆಚ್ಚಬೇಡಿ. ಗೆದ್ದಲು ಪರೀಕ್ಷೆಯನ್ನೂ ಬೇರೆಯಾಗಿ ಮಾಡಿಸಬೇಕು.

ಸಮುದ್ರದಂಚಿನ ಆಸ್ತಿಗೆ ಇನ್ನೂ ಕೆಲವು ನಿಯಮಗಳು ಸೇರಿಕೊಳ್ಳುತ್ತವೆ. ಮರಳ ತೀರದಲ್ಲಿ ಉಬ್ಬರದ ಗೆರೆಯಿಂದ 30 ಮೀಟರ್, ಬಂಡೆಯ ಕಡಿದಂಚಿನಲ್ಲಿ 10 ಮೀಟರ್ ಬಿಟ್ಟು ಕಟ್ಟಬೇಕೆಂಬುದು ಯೋಜನಾ ಮಾನದಂಡ. ಹಿಂದೆ ಕಟ್ಟಿದ ಎಷ್ಟೋ ಮನೆಗಳು ಈ ಗೆರೆಯೊಳಗೇ ಇವೆ. ಅವನ್ನು ಕೆಡವಿ ಮತ್ತೆ ಅದೇ ಜಾಗದಲ್ಲಿ ಕಟ್ಟಲು ಅನುಮತಿ ಸಿಗುತ್ತದೆಂದು ಭಾವಿಸಬಾರದು. ಕಡಲತೀರಗಳೆಲ್ಲ ಸಾರ್ವಜನಿಕರವು, ನಿಮ್ಮ ಮನೆಯ ಮುಂದಿನ ಮರಳಿನ ಮೇಲೆ ನಿಮಗೆ ಯಾವ ವಿಶೇಷ ಹಕ್ಕೂ ಇರುವುದಿಲ್ಲ. 2011ರಿಂದೀಚೆಗೆ ಸರ್ಗಾಸಮ್ ಎಂಬ ಕಂದು ಕಡಲಕಳೆ ಪೂರ್ವ ಮತ್ತು ದಕ್ಷಿಣ ತೀರಗಳಿಗೆ ರಾಶಿರಾಶಿಯಾಗಿ ಬಂದು ಬೀಳುತ್ತಿದೆ. ಅದು ಕೊಳೆತಾಗ ಏಳುವ ಅನಿಲದ ನಾತ ಸಹಿಸಲಾಗದು, ಹವಾನಿಯಂತ್ರಕದಂಥ ಲೋಹದ ಭಾಗಗಳನ್ನೂ ಅದು ಹಾಳುಗೆಡವುತ್ತದೆ. ದ್ವೀಪದ ಉತ್ತರ ಭಾಗದಲ್ಲೂ ಎತ್ತರದ ಜಾಗಗಳಲ್ಲೂ ನಲ್ಲಿನೀರು ಆಗಾಗ ನಿಲ್ಲುವುದರಿಂದ ಮನೆಗೆ ನೀರಿನ ತೊಟ್ಟಿ ಇದೆಯೇ ಎಂದೂ ನೋಡಿ.

ಹಳೆಯ ಮರದ ಮನೆಗಳನ್ನು ಕಂಡು ಮನಸೋಲುವವರಿಗೆ ಒಂದು ಎಚ್ಚರಿಕೆ. ಚ್ಯಾಟಲ್ ಹೌಸ್ ಎಂಬ ಆ ಪುಟ್ಟ ಮನೆಗಳನ್ನು ಕಬ್ಬಿನ ತೋಟಗಳ ಕೂಲಿಗಳು ಬಾಡಿಗೆ ನೆಲದ ಮೇಲೆ, ಗಾರೆಯಿಲ್ಲದೆ ಜೋಡಿಸಿದ ಕಲ್ಲುಗಳ ಮೇಲಿಟ್ಟು ಕಟ್ಟುತ್ತಿದ್ದರು, ಬೇಕಾದಾಗ ಬಿಚ್ಚಿ ಬೇರೆಡೆಗೆ ಸಾಗಿಸಲು ಬರುವಂತೆ. ಗುಲಾಮಗಿರಿ ಕೊನೆಗೊಂಡ ಮೇಲೂ ನೆಲ ತೋಟದ ಧಣಿಯದೇ ಆಗಿ ಉಳಿದದ್ದರ ಗುರುತು ಅದು. 1980ರಲ್ಲಿ ಬಂದ ಕಾನೂನಿನಿಂದ ಅನೇಕ ಗೇಣಿದಾರರು ಆ ನೆಲವನ್ನು ಕೊಂಡುಕೊಂಡರು, ಆದರೂ ಅಂಥ ಮನೆ ಮಾರಾಟಕ್ಕೆ ಬಂದಾಗ ನೆಲವೂ ಮಾರಾಟಕ್ಕಿದೆಯೇ, ಮನೆಯಷ್ಟೇ ಇದೆಯೇ ಎಂದು ಕಡ್ಡಾಯವಾಗಿ ಕೇಳಬೇಕು.

ನಾಲ್ಕನೆಯ ಹೆಜ್ಜೆ: ವಕೀಲರು, ಹಕ್ಕುಪತ್ರ, ಮುಂಗಡ

ಸೇಂಟ್ ಲೂಸಿಯಾ, ಗ್ರೆನಡಾ ಮೊದಲಾದ ನೆರೆಯ ದ್ವೀಪಗಳಲ್ಲಿ ವಿದೇಶಿಯರು ನೆಲ ಕೊಳ್ಳಲು ವಿಶೇಷ ಪರವಾನಗಿ ಪಡೆಯಬೇಕು. ಬಾರ್ಬಡೋಸ್‌ನಲ್ಲಿ ಆ ಪರವಾನಗಿಯ ಅಗತ್ಯವಿಲ್ಲ. ಆದರೆ ಮಾರುವವರ ವಕೀಲರೇ ನಿಮ್ಮ ಕೆಲಸವನ್ನೂ ಮಾಡಿಕೊಡುವುದಾಗಿ ಹೇಳಿದರೆ ಒಪ್ಪಬೇಡಿ, ನಿಮ್ಮದೇ ವಕೀಲರನ್ನು ನೇಮಿಸಿಕೊಳ್ಳಿ. ಅವರ ಶುಲ್ಕ ಸುಮಾರಾಗಿ ಬೆಲೆಯ ಶೇ. 1ರಿಂದ 2, ಅದರ ಮೇಲೆ ಶೇ. 17.5 ಮೌಲ್ಯವರ್ಧಿತ ತೆರಿಗೆ.

ನಮ್ಮಲ್ಲಿ ಉಪನೋಂದಣಿ ಕಚೇರಿಯಿಂದ ಋಣಭಾರ ಪತ್ರ ತೆಗೆಸುವಂತೆ ಅಲ್ಲಿ ವಕೀಲರು ಭೂ ನೋಂದಣಿ ಕಚೇರಿಯಲ್ಲಿ ಹಕ್ಕಿನ ಸರಪಳಿಯನ್ನು ಹುಡುಕುತ್ತಾರೆ. ಕೆಲವು ಪ್ರದೇಶಗಳ ಆಸ್ತಿಗಳು ಹೊಸ ನೋಂದಣಿ ಪದ್ಧತಿಗೆ ಬಂದಿವೆ, ಉಳಿದವು ಹಳೆಯ ಕ್ರಯಪತ್ರಗಳ ಪದ್ಧತಿಯಲ್ಲೇ ಇವೆ. ಎರಡನೆಯ ಬಗೆಯದಾದರೆ ಮೂಲ ಪತ್ರಗಳು ಕೈಗೆ ಬರುತ್ತವೆಯೇ, ಬಾಕಿ ಭೂಕಂದಾಯವಿದೆಯೇ, ಅಡಮಾನ ತೀರಿದೆಯೇ, ತೀರಿಹೋದವರ ಹೆಸರಿನಲ್ಲಿ ಆಸ್ತಿ ಹಾಗೆಯೇ ಉಳಿದಿದೆಯೇ ಎಂದು ಒಂದೊಂದಾಗಿ ಕೇಳಿ. ವಾರಸುದಾರರ ನಡುವೆ ಪಾಲಾಗದೆ ಉಳಿದ ಆಸ್ತಿಗೆ ನ್ಯಾಯಾಲಯದಿಂದ ಪತ್ರ ದೊರೆಯುವ ಹೊತ್ತಿಗೆ ವರ್ಷಗಳು ಕಳೆಯಬಹುದು. ಅಂಥದಕ್ಕೆ ಮುಂಗಡ ಕೊಟ್ಟು ಕಾಯಬೇಡಿ.

ಪರವಾನಗಿ ಪಡೆದ ಸರ್ವೆಯರನ್ನು ಕರೆಸಿ ಗಡಿಕಲ್ಲುಗಳನ್ನು ನಿಮ್ಮೆದುರೇ ತೋರಿಸಿ ಎನ್ನಿ. ಕಟ್ಟಡಕ್ಕೆ, ವಿಸ್ತರಿಸಿದ ಜಗಲಿಗೆ, ಈಜುಕೊಳಕ್ಕೆ ಯೋಜನಾ ಅನುಮತಿ ಇದೆಯೇ ಎಂಬುದು ಕಾಗದದಲ್ಲೇ ಕಾಣಬೇಕು. ಫ್ಲ್ಯಾಟ್ ಆದರೆ ಮಾಲೀಕರ ಸಂಘದ ಕಳೆದ ಮೂರು ವರ್ಷಗಳ ಲೆಕ್ಕಪತ್ರ, ದುರಸ್ತಿ ನಿಧಿಯ ಮೊತ್ತ, ಇಡೀ ಕಟ್ಟಡದ ವಿಮಾಪತ್ರ ಮೂರನ್ನೂ ತರಿಸಿ ಓದಿ.

ಇಷ್ಟಾದ ಮೇಲೆ ಮಾರಾಟದ ಕರಾರು. ಸಹಿಯ ಹೊತ್ತಿಗೆ ಶೇ. 10 ಮುಂಗಡ ಕೊಡುವುದು ರೂಢಿ. ಅದು ವಹಿವಾಟು ಮುಗಿಯುವವರೆಗೆ ಮಾರುವವರ ವಕೀಲರ ಠೇವಣಿ ಖಾತೆಯಲ್ಲಿರುತ್ತದೆ. ಹಣ ಕಳುಹಿಸುವ ಮುನ್ನ ಖಾತೆ ಸಂಖ್ಯೆಯನ್ನು ಕಚೇರಿಗೆ ಫೋನ್ ಮಾಡಿ ಬಾಯಿಮಾತಿನಲ್ಲಿ ಓದಿಸಿಕೊಂಡು ತಾಳೆ ನೋಡಿ. ಭಾವನಿಗೆ ಕಡೆಯ ಗಳಿಗೆಯಲ್ಲಿ ಖಾತೆ ಬದಲಾಗಿದೆ ಎಂಬ ಮಿಂಚಂಚೆ ಬಂದಿತ್ತು. ಫೋನ್ ಮಾಡಿ ಕೇಳಿದಾಗ ಅಂಥ ಪತ್ರವನ್ನು ವಕೀಲರ ಕಚೇರಿಯಿಂದ ಯಾರೂ ಬರೆದಿರಲಿಲ್ಲ. ಕರಾರಿನಿಂದ ಕ್ರಯಪತ್ರದವರೆಗೆ ಸಾಮಾನ್ಯವಾಗಿ 90 ದಿನ ಹಿಡಿಯುತ್ತದೆ. ಅಷ್ಟು ದಿನ ಅಲ್ಲಿರಲಾಗದವರು ಮುಖತ್ಯಾರನಾಮೆ ಮಾಡಿಕೊಡಬಹುದು. ಒಂದು ದೇಶದ ಕಾಗದಕ್ಕೆ ಅಲ್ಲಿನ ಸರ್ಕಾರ ಹಾಕುವ ದೃಢೀಕರಣ ಮುದ್ರೆಯನ್ನು ಇನ್ನೊಂದು ದೇಶ ಒಪ್ಪುವ ಅಪಾಸ್ಟಿಲ್ ಒಪ್ಪಂದದಲ್ಲಿ ಭಾರತ, ಬಾರ್ಬಡೋಸ್ ಎರಡೂ ಇರುವುದರಿಂದ ಇಲ್ಲೇ ನೋಟರಿ ಮಾಡಿಸಿ ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್ ಹಾಕಿಸಿದರೆ ಸಾಕು. ಆ ಪತ್ರ ನಿರ್ದಿಷ್ಟ ಆಸ್ತಿಗೆ, ನಿರ್ದಿಷ್ಟ ಅವಧಿಗೆ ಮಾತ್ರ ಸೀಮಿತವಾಗಿರಲಿ.

ಐದನೆಯ ಹೆಜ್ಜೆ: ಹಣದ ದಾರಿ

ಲೇಖನದಲ್ಲಿ ಅತ್ಯಂತ ಮುಖ್ಯವೆಂದು ನಾನು ಭಾವಿಸಿರುವ ಭಾಗ ಇದು. ಭಾರತದಲ್ಲಿ ವಾಸಿಸುವ ವ್ಯಕ್ತಿ ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ಒಂದು ಆರ್ಥಿಕ ವರ್ಷದಲ್ಲಿ 2.5 ಲಕ್ಷ ಅಮೆರಿಕನ್ ಡಾಲರ್‌ವರೆಗೆ ಹೊರದೇಶಕ್ಕೆ ಕಳುಹಿಸಬಹುದು, ಆ ಹಣದಲ್ಲಿ ವಿದೇಶದ ಸ್ಥಿರಾಸ್ತಿ ಕೊಳ್ಳುವುದಕ್ಕೂ ಅವಕಾಶವಿದೆ. ಗಂಡ ಹೆಂಡತಿ ಇಬ್ಬರೂ ಕಳುಹಿಸಿದರೆ ಮಿತಿ ಇಮ್ಮಡಿಯಾಗುತ್ತದೆ, ಆದರೆ ಹಣ ಕಳುಹಿಸಿದ ಇಬ್ಬರ ಹೆಸರೂ ಕ್ರಯಪತ್ರದಲ್ಲಿ ಸಹಮಾಲೀಕರಾಗಿ ಬರುವುದು ಕ್ಷೇಮ. ಮುಂಗಡವನ್ನು ಮಾರ್ಚ್ ಮುಗಿಯುವುದರೊಳಗೆ, ಉಳಿದದ್ದನ್ನು ಏಪ್ರಿಲ್ 1ರ ನಂತರ ಕಳುಹಿಸಿದರೆ ಎರಡು ವರ್ಷಗಳ ಮಿತಿ ಬಳಕೆಗೆ ಬರುತ್ತದೆ. ಈ ರವಾನೆಗಾಗಿ ಭಾರತದ ಬ್ಯಾಂಕುಗಳು ಸಾಲ ಕೊಡುವಂತಿಲ್ಲ. ಸ್ವಂತ ಹಣವೇ ಆಗಬೇಕು. ಕಳುಹಿಸಿದ ಹಣ ಬಳಕೆಯಾಗದೆ ಉಳಿದರೆ 180 ದಿನಗಳೊಳಗೆ ಭಾರತಕ್ಕೆ ವಾಪಸು ತರಬೇಕೆಂಬ ನಿಯಮವೂ ಇರುವುದರಿಂದ, ವಹಿವಾಟು ಖಚಿತವಾಗುವ ಮುನ್ನ ದೊಡ್ಡ ಮೊತ್ತವನ್ನು ಹೊರಗಿಡಬಾರದು.

ಬ್ಯಾಂಕು ಹಣ ಕಳುಹಿಸುವಾಗಲೇ ಮೂಲದಲ್ಲಿ ತೆರಿಗೆ ಹಿಡಿಯುತ್ತದೆ. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ, ಆಸ್ತಿ ಖರೀದಿಯಂಥ ಉದ್ದೇಶವಾದರೆ, ಶೇ. 20. ಡಾಲರಿಗೆ 90 ರೂಪಾಯಿ ಎಂದು ಲೆಕ್ಕ ಹಿಡಿದರೆ ಒಂದು ಲಕ್ಷ ಡಾಲರ್ ಎಂದರೆ 90 ಲಕ್ಷ ರೂಪಾಯಿ. ಅದರಲ್ಲಿ 80 ಲಕ್ಷದ ಮೇಲೆ 16 ಲಕ್ಷ ತೆರಿಗೆ ಹಿಡಿಯಲಾಗುತ್ತದೆ. ನಿಮ್ಮ ಆದಾಯ ತೆರಿಗೆಗೆ ಅದು ಜಮೆಯಾಗುತ್ತದೆ, ಹೆಚ್ಚಾದದ್ದು ಮರಳಿ ಬರುತ್ತದೆ, ಆದರೆ ತಿಂಗಳುಗಟ್ಟಲೆ ಅಷ್ಟು ಹಣ ಕೈಯಲ್ಲಿರುವುದಿಲ್ಲ ಎಂಬುದನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಅಮೆರಿಕ, ಕೆನಡಾಗಳಲ್ಲಿ ನೆಲೆಸಿ ಅಲ್ಲಿಯ ಸಂಪಾದನೆಯಿಂದಲೇ ಕೊಳ್ಳುವ ಅನಿವಾಸಿ ಕನ್ನಡಿಗರಿಗೆ ಈ ಮಿತಿಯೂ ಈ ತೆರಿಗೆ ಹಿಡಿತವೂ ಅನ್ವಯಿಸುವುದಿಲ್ಲ.

ಇನ್ನು ಬಾರ್ಬಡೋಸ್ ಕಡೆಯ ಕೆಲಸ. ಅಲ್ಲಿ ವಿದೇಶಿ ವಿನಿಮಯ ನಿಯಂತ್ರಣ ಜಾರಿಯಲ್ಲಿದೆ. ಬಾರ್ಬಡೋಸ್‌ನ ನಿವಾಸಿಗಳಲ್ಲದವರು ಆಸ್ತಿ ಕೊಳ್ಳುವಾಗ ವಿನಿಮಯ ನಿಯಂತ್ರಣದ ಅನುಮತಿ ಪಡೆಯಬೇಕು, ಹಣ ಹೊರದೇಶದಿಂದ ವಿದೇಶಿ ಕರೆನ್ಸಿಯಲ್ಲಿ ಬಂದಿರಬೇಕು, ಮತ್ತು ಹಾಗೆ ಬಂದದ್ದನ್ನು ಬಾರ್ಬಡೋಸ್ ಕೇಂದ್ರ ಬ್ಯಾಂಕಿನಲ್ಲಿ ದಾಖಲಿಸಬೇಕು. ಮುಂದೆ ಮನೆ ಮಾರಿದಾಗ ಬಂದ ಹಣವನ್ನು ಡಾಲರಾಗಿ ಹೊರಗೆ ಒಯ್ಯುವ ಹಕ್ಕು ನಿಮಗೆ ಸಿಗುವುದು ಈ ದಾಖಲೆಯ ಬಲದಿಂದಲೇ. ವಕೀಲರು ಮಾಡಿರುತ್ತಾರೆ ಎಂದು ಸುಮ್ಮನಿರದೆ ದಾಖಲೆಯ ಪ್ರತಿಯನ್ನು ಕೇಳಿ ಪಡೆಯಿರಿ. ಮನೆಯ ನವೀಕರಣಕ್ಕೆಂದು ಆಮೇಲೆ ಕಳುಹಿಸುವ ಹಣವನ್ನೂ ಹಾಗೆಯೇ ದಾಖಲಿಸಿ. ಬ್ಯಾಂಕಿನ ರವಾನೆ ಪತ್ರ, ಕೇಂದ್ರ ಬ್ಯಾಂಕಿನ ದಾಖಲೆ, ಕ್ರಯಪತ್ರ ಮೂರೂ ಒಂದೇ ಕಡತದಲ್ಲಿರಲಿ, ಮೂರರಲ್ಲೂ ಹೆಸರಿನ ಕಾಗುಣಿತ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಲಿ. ನಮ್ಮವರಿಗೆ ತಂದೆಯ ಹೆಸರೋ ಊರ ಹೆಸರೋ ಇನಿಷಿಯಲ್ ಆಗಿ ಬರುವುದರಿಂದ ಒಂದು ಕಾಗದದಲ್ಲಿ ಬಿಡಿಸಿ ಬರೆದು ಇನ್ನೊಂದರಲ್ಲಿ ಅಕ್ಷರ ಮಾತ್ರ ಬರೆಯುವ ತಪ್ಪು ಬಹಳ ಸುಲಭವಾಗಿ ಆಗುತ್ತದೆ. ಅಕ್ಕನ ಹೆಸರನ್ನು ಸರಿಪಡಿಸುವುದಕ್ಕೇ ನಮಗೆ ಐದು ವಾರ ಹಿಡಿಯಿತು.

ದ್ವೀಪದ ದೊಡ್ಡ ಬಂಗಲೆಗಳು ಎಷ್ಟೋ ಬಾರಿ ಕಂಪನಿಯೊಂದರ ಹೆಸರಿನಲ್ಲಿದ್ದು, ಮನೆಯ ಬದಲು ಆ ಕಂಪನಿಯ ಷೇರುಗಳನ್ನು ಕೊಳ್ಳಿ, ತೆರಿಗೆ ಉಳಿಯುತ್ತದೆ ಎಂಬ ಸಲಹೆ ಬರುತ್ತದೆ. ಭಾರತದಲ್ಲಿ ವಾಸಿಸುವವರಿಗೆ ಅದು ಸ್ಥಿರಾಸ್ತಿ ಖರೀದಿ ಎನಿಸಿಕೊಳ್ಳದೆ ವಿದೇಶಿ ಕಂಪನಿಯಲ್ಲಿ ಹೂಡಿಕೆಯಾಗುತ್ತದೆ, ಅದರ ನಿಯಮಗಳೇ ಬೇರೆ. ಅದನ್ನು ದೂರವಿಡಿ.

ಮಾರುವಾಗಿನ ಲೆಕ್ಕವನ್ನೂ ಈಗಲೇ ಹಾಕಿ. ಬಾರ್ಬಡೋಸ್‌ನಲ್ಲಿ ಆಸ್ತಿ ಮಾರಿದ ಲಾಭಕ್ಕೆ ತೆರಿಗೆಯಿಲ್ಲ. ಆದರೆ ಶೇ. 2.5 ವರ್ಗಾವಣೆ ತೆರಿಗೆ, ಶೇ. 1 ಮುದ್ರಾಂಕ ಶುಲ್ಕ, ಸಾಮಾನ್ಯವಾಗಿ ಶೇ. 5 ದಲ್ಲಾಳಿ ಕಮಿಷನ್ ಮತ್ತು ಅದರ ಮೇಲಿನ ತೆರಿಗೆ, ವಕೀಲರ ಶುಲ್ಕ ಎಲ್ಲವನ್ನೂ ಮಾರುವವರೇ ಕೊಡಬೇಕು. ಕೂಡಿಸಿದರೆ ಬೆಲೆಯ ಶೇ. 10ರಿಂದ 11ರಷ್ಟು ಹೋಗುತ್ತದೆ. ಎರಡು ಮೂರು ವರ್ಷಗಳಲ್ಲಿ ಮಾರಿಬಿಡುವ ಆಲೋಚನೆ ಇರುವವರು ಕೊಳ್ಳದಿರುವುದೇ ಲೇಸು.

ಆರನೆಯ ಹೆಜ್ಜೆ: ಕೊಂಡ ಮೇಲೆ

ಮನೆಯ ಒಡೆತನದಿಂದ ಅಲ್ಲಿ ವಾಸಿಸುವ ಹಕ್ಕು ಬರುವುದಿಲ್ಲ. ಮಾಲೀಕರಾದ ಮೇಲೂ ನೀವು 90 ದಿನಗಳ ಪ್ರವಾಸಿಯೇ. ಹೊರದೇಶದ ಸಂಸ್ಥೆಗೆ ದೂರದಿಂದ ಕೆಲಸ ಮಾಡುವವರಿಗೆ 2020ರಲ್ಲಿ ಆರಂಭವಾದ ವೆಲ್‌ಕಮ್ ಸ್ಟ್ಯಾಂಪ್ ಎಂಬ 12 ತಿಂಗಳ ಪರವಾನಗಿ ಇದೆ. ವರ್ಷಕ್ಕೆ ಕನಿಷ್ಠ 50,000 ಅಮೆರಿಕನ್ ಡಾಲರ್ ಆದಾಯ ತೋರಿಸಬೇಕು. ಆಂಟಿಗುವಾ ಮತ್ತು ಬಾರ್ಬುಡಾ, ಡೊಮಿನಿಕಾ, ಗ್ರೆನಡಾ, ಸೇಂಟ್ ಕಿಟ್ಸ್ ಮತ್ತು ನೆವಿಸ್, ಸೇಂಟ್ ಲೂಸಿಯಾಗಳಂತೆ ಹೂಡಿಕೆಗೆ ಪ್ರತಿಯಾಗಿ ಪೌರತ್ವ ಕೊಡುವ ಯೋಜನೆ ಬಾರ್ಬಡೋಸ್‌ನಲ್ಲಿಲ್ಲ. ಆ ಐದು ದೇಶಗಳ ಜಾಹೀರಾತು ನೋಡಿ ಆಸೆಪಡುವವರು ತಿಳಿದಿರಬೇಕಾದದ್ದು, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಕ್ಷಣವೇ 1955ರ ಕಾಯ್ದೆಯಂತೆ ಭಾರತದ ಪೌರತ್ವ ಹೋಗುತ್ತದೆ ಮತ್ತು ನಮ್ಮ ಪಾಸ್‌ಪೋರ್ಟನ್ನು ಒಪ್ಪಿಸಬೇಕಾಗುತ್ತದೆ.

ಪ್ರತಿ ವರ್ಷ ಭಾರತದ ಆದಾಯ ತೆರಿಗೆ ವಿವರಪಟ್ಟಿಯ ವಿದೇಶಿ ಆಸ್ತಿ ಅನುಸೂಚಿಯಲ್ಲಿ ಈ ಮನೆಯನ್ನು ತೋರಿಸಲೇಬೇಕು, ಬಾಡಿಗೆ ಬರದಿದ್ದರೂ, ಖಾಲಿ ಬಿದ್ದಿದ್ದರೂ. ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. 20 ಲಕ್ಷದವರೆಗಿನ ವಿದೇಶಿ ಆಸ್ತಿಗೆ ಈಚೆಗೆ ಕೊಟ್ಟಿರುವ ವಿನಾಯಿತಿ ಸ್ಥಿರಾಸ್ತಿಗೆ ಇಲ್ಲ. ಬಾಡಿಗೆ ಬಂದರೆ ಅದಕ್ಕೆ ಅಲ್ಲೂ ತೆರಿಗೆ, ಇಲ್ಲೂ ಲೆಕ್ಕ. ಮಾರಿದಾಗ ಬಂದ ಲಾಭಕ್ಕೂ, ಎರಡು ವರ್ಷ ಮೀರಿ ಇಟ್ಟುಕೊಂಡಿದ್ದರೆ, ಭಾರತದಲ್ಲಿ ಶೇ. 12.5 ತೆರಿಗೆಯಿದೆ. ವಿದೇಶಿ ಆಸ್ತಿಯ ವಿವರಪಟ್ಟಿಗಳನ್ನು ಸಲ್ಲಿಸಿ ಅನುಭವವಿರುವ ಲೆಕ್ಕ ಪರಿಶೋಧಕರನ್ನು ಕೊಳ್ಳುವ ಮೊದಲೇ ಹುಡುಕಿಕೊಳ್ಳಿ.

ವಿಮೆಯ ವಿಷಯದಲ್ಲಿ ಕಂಜೂಸುತನ ಬೇಡ. ಚಂಡಮಾರುತದ ಹಾನಿಯಲ್ಲಿ ಮೊದಲ ಒಂದಂಶವನ್ನು ಮಾಲೀಕರೇ ಭರಿಸಬೇಕೆಂಬ ಷರತ್ತು ವಿಮಾಪತ್ರದಲ್ಲಿರುತ್ತದೆ, ಆ ಅಂಶ ನಷ್ಟದ ಮೇಲೋ ಒಟ್ಟು ವಿಮಾ ಮೊತ್ತದ ಮೇಲೋ ಎಂದು ಓದಿ ತಿಳಿಯಿರಿ. ಮನೆಯನ್ನು ಮತ್ತೆ ಕಟ್ಟಲು ತಗಲುವ ಪೂರ್ತಿ ವೆಚ್ಚಕ್ಕೆ ವಿಮೆ ಮಾಡಿಸದಿದ್ದರೆ ಪರಿಹಾರವೂ ಅದೇ ಪ್ರಮಾಣದಲ್ಲಿ ಕಡಿತವಾಗುತ್ತದೆ. ಮನೆ ತಿಂಗಳುಗಟ್ಟಲೆ ಖಾಲಿ ಇದ್ದಾಗಲೂ ವಿಮೆ ಊರ್ಜಿತವೇ ಎಂದು ಬರಹದಲ್ಲಿ ಉತ್ತರ ಪಡೆಯಿರಿ.

ದಂಪತಿಗಳಾದರೆ ಹಕ್ಕನ್ನು ಜಂಟಿ ಒಡೆತನವಾಗಿ ಬರೆಸಿಕೊಳ್ಳುವುದೋ, ಪಾಲು ಗೊತ್ತುಮಾಡಿದ ಸಹ ಒಡೆತನವಾಗಿಯೋ ಎಂದು ವಕೀಲರಲ್ಲಿ ಕೇಳಿ ಯೋಚಿಸಿ ನಿರ್ಧರಿಸಿ. ಮೊದಲನೆಯದರಲ್ಲಿ ಒಬ್ಬರು ತೀರಿಕೊಂಡರೆ ಇನ್ನೊಬ್ಬರಿಗೆ ಆಸ್ತಿ ನೇರವಾಗಿ ಬರುತ್ತದೆ. ಎರಡನೆಯದರಲ್ಲಿ ಪಾಲು ಉಯಿಲಿನಂತೆ ಹೋಗುತ್ತದೆ. ಬಾರ್ಬಡೋಸ್ ಆಸ್ತಿಗೆಂದೇ ಅಲ್ಲಿನ ಕಾನೂನಿನಂತೆ ಪ್ರತ್ಯೇಕ ಉಯಿಲು ಬರೆಸಿ, ಮತ್ತು ಅದು ಊರಿನ ಉಯಿಲನ್ನು ರದ್ದುಪಡಿಸದಂತೆ ಒಂದು ವಾಕ್ಯ ಸೇರಿಸಿ.

ಭೂಕಂದಾಯದ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಬಿಲ್ಲು ಬಂದ ಕೂಡಲೇ ಕಟ್ಟಿದರೆ ರಿಯಾಯಿತಿ ಸಿಗುತ್ತದೆ. ಬಿಲ್ಲು ಖಾಲಿ ಮನೆಯ ಅಂಚೆಪೆಟ್ಟಿಗೆಯಲ್ಲೇ ಉಳಿಯದಂತೆ ನಿಮ್ಮ ವಿಳಾಸವನ್ನು ಕಂದಾಯ ಇಲಾಖೆಯಲ್ಲಿ ಬದಲಿಸಿ. ಮೇ ತಿಂಗಳು ಮುಗಿಯುವುದರೊಳಗೆ ನಂಬಿಕೆಯ ಸ್ಥಳೀಯರೊಬ್ಬರನ್ನು ಸಂಬಳಕ್ಕೆ ಗೊತ್ತುಮಾಡಿ ಬೀಗದ ಕೈ ಕೊಡಿ. ಗಾಳಿತಡೆಯ ಹಲಗೆಗಳು ಯಾವ ಕೋಣೆಯಲ್ಲಿವೆ, ಯಾವ ಹಲಗೆ ಯಾವ ಕಿಟಕಿಗೆ ಎಂದು ಸಂಖ್ಯೆ ಬರೆದು, ಒಮ್ಮೆ ನಿಮ್ಮೆದುರೇ ಎಲ್ಲವನ್ನೂ ಕೂರಿಸಿ ತೆಗೆಸಿ ನೋಡಿದ ಮೇಲೆ ವಿಮಾನ ಹತ್ತಿ.